ಬಾಯಲ್ಲಿ ಬಾರದ ಕೋಡ್

ಮಧ್ಯಾಹ್ನದ ಊಟ ಮುಗಿಯುತ್ತಲೇ ಪಾಲಮ್ಮ ಸೊಸೆಯ ಕೈಯಿಂದ ಫೋನ್ ಕಿತ್ತುಕೊಂಡು ಜಗಲಿಗೆ ಹೋದಳು. ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು. ಕೆಲವು ದಿನಗಳಿಂದ ಇದೇ ಆಟ. ಕದದ ಸಂದಿಯಲ್ಲಿ ಕಿವಿಯಿಟ್ಟ ಹೇಮಾವತಿಗೆ ಕೇಳಿದ್ದು ಅತ್ತೆ ತನ್ನ ಮಗನ ಹೆಸರು ಹಿಡಿದು ಆಡುವ ಮಾತಷ್ಟೇ. ಚಾಡಿ ಹೇಳುತ್ತಿದ್ದಾಳೆ, ಇನ್ನೇನು?

ಹರಿಯಬ್ಬೆ ಊರಿಗೆ ಸೊಸೆಯಾಗಿ ಬಂದ ಮೇಲೆ ಅವಳಿಗೆ ಹೊರಗಿನ ಲೋಕವೆಂದರೆ ಆ ಫೋನ್ ಒಂದೇ. ಹಿರಿಯೂರಿನ ಅಂಗಡಿಯೊಂದು ಆನ್‌ಲೈನ್‌ನಲ್ಲಿ ಕಂಬಳಿ ಮಾರುತ್ತಿತ್ತು. ಇವಳು ಲಿಂಕ್ ಕಳಿಸಬೇಕು. ಕೊಂಡವರು ಇವಳ ಕಡೆಯವರೆಂದು ಗೊತ್ತಾದರೆ ಕಮಿಷನ್. ಗೊತ್ತಾಗುವುದೇ ಕಷ್ಟವಾಗಿತ್ತು. ಹೊಸದುರ್ಗ, ಹೊಳಲ್ಕೆರೆಯ ಹೆಂಗಸರು ಲಿಂಕ್ ನೋಡುವುದು ಮಗಳ ಫೋನಿನಲ್ಲಿ, ಆರ್ಡರ್ ಮಾಡಿಸುವುದು ಅಳಿಯನ ಫೋನಿನಲ್ಲಿ. ನಡುವೆ ಇವಳ ಗುರುತು ಅಳಿಸಿಹೋಗುತ್ತಿತ್ತು. ಆರ್ಡರ್ ಮಾಡುವಾಗ ಇವಳದೇ ಒಂದು ಕೋಡ್ ಹಾಕಿಸಿದರೆ ತಪ್ಪುವುದಿಲ್ಲವೆಂದು ಅಂಗಡಿಯ ದೀಪಾ ಉಪಾಯ ಹೇಳಿದ್ದಳು.

ಬ್ಯಾಂಕ್ ಖಾತೆ ಗಂಡನದು. ಹಾಗಾಗಿ ಕೋಡ್ ಕೂಡ ಗಂಡನ ಹೆಸರೇ. ಬರೆದು ಕಳಿಸಿದರೆ ಓದು ಬಾರದವರು ಫೋನ್ ಮಾಡಿ, ಬಾಯಲ್ಲಿ ಹೇಳು ತಾಯಿ ಎನ್ನುತ್ತಿದ್ದರು. ಹೇಮಾವತಿಗೆ ನಾಲಿಗೆ ಏಳುತ್ತಿರಲಿಲ್ಲ. ಗಂಡನ ಹೆಸರೆತ್ತಿದರೆ ಅವನ ಆಯುಸ್ಸಿಗೆ ಕುತ್ತೆಂದು, ಹೊಸಿಲು ದಾಟಿದ ದಿನವೇ ಮನೆದೇವರ ಮುಂದೆ ಆಣೆ ಹಾಕಿಸಿದವಳು ಇದೇ ಪಾಲಮ್ಮ.

ಇತ್ತ ಗಂಡನೂ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದ: ಈ ತಿಂಗಳೂ ಕಮಿಷನ್ ಬರದಿದ್ದರೆ ಫೋನ್ ಬಂದ್.

ತಿಂಗಳ ಕೊನೆಯ ಸಂಜೆ ಗಂಡ ಓಬಳೇಶ್ ಕೈ ಚಾಚಿದ. ಹೇಮಾವತಿ ಫೋನ್ ಮುಂದೆ ಹಿಡಿದಳು. ಮೊರ ಹಿಡಿದು ಕೂತಿದ್ದ ಪಾಲಮ್ಮ ತಲೆಯೆತ್ತದೆಯೇ ಮಗನಿಗೆ ಹೇಳಿದಳು:

"ತಡೀಲೇ. ಅಂಗಡಿಯೋಳನ್ನ ಒಂದ್ ಮಾತು ಕೇಳ್ಲಿ. ಆಮೇಲೆ ಇಸ್ಕಳುವಂತೆ."

ಗಾಯದ ಮೇಲೆ ಬರೆ ಎಳೆದಂತಾಯಿತು. ಎಲ್ಲರ ಎದುರು ಸೋಲನ್ನು ಕೇಳಿಸಬೇಕೆಂಬ ಆಸೆ ಈ ಮುದುಕಿಗೆ. ಹೇಮಾವತಿ ಅಂಗಡಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿದಳು.

ಈ ತಿಂಗಳು ಎಲ್ಲರಿಗಿಂತ ಹೆಚ್ಚು ಆರ್ಡರ್ ಬಂದಿರುವುದು ನಿಮ್ಮ ಕೋಡ್‌ಗೇ ಎಂದಳು ದೀಪಾ.

"ನಾನು ಯಾರಿಗೂ ಕೋಡ್ ಹೇಳೇ ಇಲ್ವಲ್ಲ?"

"ನೀವಲ್ಲಕ್ಕ. ನಿಮ್ ಫೋನಿಂದ್ಲೇ ಯಾರೋ ಅಜ್ಜಿ ಒಬ್ಬೊಬ್ರಿಗೂ ಮಾಡಿ ಹೇಳ್ಯಾರಂತೆ: 'ನನ್ ಸೊಸೆ ಆ ಹೆಸ್ರು ಎತ್ತಂಗಿಲ್ಲ, ನಾನೇ ಆಣೆ ಹಾಕ್ಸೀನಿ. ಹೆತ್ತೋಳಿಗೆ ಯಾವ ಆಣೆನೂ ಇಲ್ಲ. ನೆಪ್ಪಿಟ್ಕಳವ್ವ, ಓಬಳೇಶ.'"