ಗುಳಿಯ ಚೆಂಡು

ಉಪ್ಪುಕಾಗದದ ವಾಸನೆ ಬಂದರೆ ಇಂದಿಗೂ ನನಗೆ ಗಾವಡಗೆರೆಯ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮೈಸೂರಿನ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದ ಮಾವ, ಅಮ್ಮನ ತಮ್ಮ, ಅಂದು ಎರಡು ಹಳೆಯ ಚೆಂಡು ತಂದಿದ್ದರು. ಅವುಗಳ ಮೈತುಂಬ ಸಣ್ಣ ಸಣ್ಣ ಗುಳಿಗಳು. ಅಣ್ಣ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ನೆರಳಲ್ಲಿ ಕೂತು, ಒಂದನ್ನು ಉಪ್ಪುಕಾಗದದಿಂದ ಉಜ್ಜಿ ಗೋಲಿಯಂತೆ ನುಣ್ಣಗೆ ಮಾಡಿದ.

"ಇದು ಬುಲೆಟ್ ತರ ಓಯ್ತದೆ ನೋಡು. ಇನ್ನೊಂದು ಅತ್ತೆ ಮುಖದಂಗದೆ," ಎಂದು ನಕ್ಕ.

ಅತ್ತೆ ಎಂದರೆ ಅಪ್ಪನ ತಂಗಿ. ಅವಳ ಕೆನ್ನೆಯಲ್ಲಿ ಸೀತಾಳೆ ಸಿಡುಬಿನ ಗುಳಿಗಳಿದ್ದವು. ಅಲ್ಲೇ ಸೊಪ್ಪು ಪೋಣಿಸುತ್ತಿದ್ದವಳು ತಲೆಯೆತ್ತಿ, "ಎರಡ್ನೂ ಬಾರ್ಸಿ ನೋಡ್ಲಾ," ಎಂದಳು.

ಅಣ್ಣ ದೊಣ್ಣೆ ಬೀಸಿದ. ನುಣುಪು ಚೆಂಡು ಹೊಲದ ನಡುವೆಯೇ ಬಿತ್ತು. ಅಷ್ಟೇ ಜೋರಾಗಿ ಹೊಡೆದ ಗುಳಿಯ ಚೆಂಡು ಬೇಲಿ ದಾಟಿತು. ಗಾಳಿಯ ಆಟವೆಂದು ವಾದಿಸಿ ಮತ್ತೆ ಮತ್ತೆ ಹೊಡೆದ. ಪ್ರತಿ ಸಲವೂ ಹಾಗೇ ಆಯಿತು.

"ಗುಳಿ ಇದ್ರೆ ಗಾಳಿ ಚೆಂಡಿನ ಮೈಗೇ ಅಂಟ್ಕೊಂಡು ಓಯ್ತದಂತೆ, ಇಂದಕ್ಕೆ ಎಳೆಯಾಕಿಲ್ವಂತೆ. ಆಡೋರು ಏಳ್ತಿದ್ರು," ಎಂದರು ಮಾವ.

ಅಷ್ಟರಲ್ಲಿ ಅಜ್ಜಿ ಬಂದು ಅತ್ತೆಗೆ ಹೇಳಿದಳು: "ಗಂಡಿನೋರ್ಗೆ ಕಳ್ಸಾಕೆ ಫೋಟೊ ತೆಗೆಯೋನು ಬಂದವ್ನೆ. ಪೌಡ್ರು ದಪ್ಪಕೆ ಬಳ್ಕೊ, ಕಲೆ ಕಾಣಬಾರ್ದು."

"ಬಳ್ಕಳಾಕಿಲ್ಲ ಕಣವ್ವ. ಇಂಗೇ ತೆಗೀಲಿ."

"ಅವ್ರು ಒಪ್ಪದೆ ಓದ್ರೆ?"

"ಓಗ್ಲಿ ಬುಡು."

ಅತ್ತೆ ಮುಖ ತೊಳೆದು, ಅಂಗಳದ ಬಿಸಿಲಿಗೆ ಕುರ್ಚಿ ಎಳೆದುಕೊಂಡು ಕೂತಳು. ಫೋಟೊದವನು ನೆರಳಿಗೆ ಬನ್ನಿ ಎಂದು ಕರೆದ. ಅವಳು ಕದಲಲಿಲ್ಲ. ಅಜ್ಜಿ ಕೊನೆಗೂ ಅದೇ ಫೋಟೊವನ್ನು ಕಳಿಸಬೇಕಾಯಿತು.