ಜೈರೋಸನ ಹೆಸರಿನ ಬೀರು

ಸೆಕೆಸಾಯಿ ಕಣಜದ ಹಿಂದಿನಿಂದ ಬೀರಿನ ಗಡಿಗೆಗಳನ್ನು ಹೊರಗೆಳೆದಳು. ಒಂದರೊಳಗೆ ಕೋಳಿ ಕಾವಿಗೆ ಕೂತಿತ್ತು. ರೆಕ್ಕೆ ಹಿಡಿದು ಅಂಗಳಕ್ಕೆ ಎಸೆದಳು. ಅದರ ಕೂಗಿಗೆ ಪಕ್ಕದ ಮನೆಯವರು ಬೇಲಿಗೆ ಬಂದರು. ಮಧ್ಯಾಹ್ನದೊಳಗೆ ಬುಹೇರ ಸೀಮೆಯ ಆ ಹಳ್ಳಿಗೆಲ್ಲ ಸುದ್ದಿ: ಸೆಕೆಸಾಯಿ ಮತ್ತೆ ಬೀರು ಕಾಯಿಸುತ್ತಾಳೆ.

ಒಂದು ಕಾಲಕ್ಕೆ ಅವಳ ರಾಗಿ ಬೀರಿಗೆ ಹೊಳೆಯಾಚೆಯಿಂದ ಜನ ಬರುತ್ತಿದ್ದರು. ಆಮೇಲೆ ಗಂಡ ಜೈರೋಸ್ ಗಣಿ ಕೆಲಸಕ್ಕೆಂದು ಜೋಹಾನ್ಸ್‌ಬರ್ಗಿನ ಬಸ್ಸು ಹತ್ತಿದ. ಊರವರ ಬಾಯಲ್ಲಿ ಅದು ಜೋನಿ. ನಾನು ಬರುವ ದಿನ ಗಡಿಗೆ ತುಂಬಿರಲಿ ಎಂದಿದ್ದ. ಒಂದು ವರ್ಷ ತುಂಬಿಟ್ಟಳು. ಬರಲಿಲ್ಲ. ಗಡಿಗೆಗಳನ್ನು ಕಣಜದ ಹಿಂದೆ ತಳ್ಳಿದಳು. ಹತ್ತು ವರ್ಷದ ಮೇಲಾಯಿತು. ಅವನಿಂದ ಕಾಗದವಿಲ್ಲ, ಕರೆಯಿಲ್ಲ.

ಅಷ್ಟರಲ್ಲಿ ಮೈದುನ ತರುವಿಂಗ ಅಣ್ಣನ ಹೊಲ ಉತ್ತುಕೊಂಡ. ದನಗಳನ್ನು ತನ್ನ ದೊಡ್ಡಿಗೆ ಹೊಡೆದುಕೊಂಡ. ಅವಳು ಜಗಳಕ್ಕೆ ಹೋದಾಗಲೆಲ್ಲ ಒಂದೇ ಮಾತು:

“ಅಣ್ಣ ಬಂದು ಕೇಳ್ಲಿ, ಕೊಡ್ತೀನಿ. ನೀನ್ಯಾರು ಅತ್ತಿಗೆ ಕೇಳೋಕೆ? ಗಂಡ ಇರೋಳಾ, ಇಲ್ದೋಳಾ? ಮೊದ್ಲು ಅದನ್ನ ಹೇಳು.”

ಈ ಚಳಿಗಾಲದಲ್ಲಿ ಅವಳೇ ಜೋನಿಗೆ ಹೋದಳು. ಹೋದಷ್ಟೇ ಬೇಗ ತಿರುಗಿ ಬಂದಳು. ಬಸ್ಸಿಳಿದಾಗ ಕಣ್ಣಲ್ಲಿ ನೀರಿರಲಿಲ್ಲ. ಕೈಯಲ್ಲೊಂದು ಬಟ್ಟೆಯ ಗಂಟಿತ್ತು. ನೇರ ಹಿರಿಯರ ಮುಂದೆ ಹೋಗಿ ಅದನ್ನು ಬಿಚ್ಚಿದಳು. ಕೆಂಪು ಮಣ್ಣು.

“ಅವರು ಮಲಗೋ ಕಡೆಯ ಮಣ್ಣು” ಎಂದಳು.

ಜೈರೋಸನ ಅಕ್ಕ, ಊರೆಲ್ಲ ತೆತೆ ಎಂದು ಕರೆಯುವ ಮುದುಕಿ, ಎದೆ ಬಡಿದುಕೊಂಡಳು. ತರುವಿಂಗ ಟೋಪಿ ತೆಗೆದ.

“ಕಣ್ಣಾರೆ ನೋಡಿದ್ಯಾ, ಅತ್ತಿಗೆ?”

“ಕಣ್ಣಾರೆ.”

“ಪಾಪ, ಅಲ್ಲಿ ನೋಡ್ಕೊಳ್ಳೋರು ಯಾರಾದ್ರೂ ಇದ್ದಾರಾ?”

“ಇದ್ದಾಳೆ ಒಬ್ಬಳು. ದಿನಾ ಗುಡಿಸ್ತಾಳೆ. ಹೂವಿನ ಗಿಡ ಹಾಕಿದ್ದಾಳೆ. ಮಕ್ಕಳು ಮೇಲೆ ಹತ್ತಿ ಕುಣೀತಿದ್ವು.”

“ಪಟ್ಟಣದ ಮಕ್ಕಳು” ಎಂದು ಊರ ಹಿರಿಯ ತಲೆಯಾಡಿಸಿದ. “ಗೋರಿಗೂ ಮರ್ಯಾದೆ ಕೊಡಲ್ಲ. ಬೀರು ಕಾಯಿಸಮ್ಮ. ಅವನ ಜೀವ ಪರವೂರಲ್ಲಿ ಅಲೆಯೋದು ಬೇಡ. ಅವನ ಹೆಸರಲ್ಲಿ ಬೀರು ಸುರಿದು ಮನೆಗೆ ಕರೆಯೋಣ.”

ಸೆಕೆಸಾಯಿ ಗಂಟನ್ನು ಮತ್ತೆ ಬಿಗಿದು ಕಟ್ಟಿದಳು.

ತರುವಿಂಗನ ನಡಿಗೆ ಅಂದಿನಿಂದ ಬದಲಾಯಿತು. ಪದ್ಧತಿಯ ಪ್ರಕಾರ ಬೀರು ಸುರಿದ ಮೇಲೆ ಹೆಂಡತಿಯಾದವಳು ಗಂಡನ ದೊಣ್ಣೆಯನ್ನು ಅವನ ಕಡೆಯವರೊಬ್ಬರ ಕೈಗೆ ಕೊಡಬೇಕು. ಅದನ್ನು ಪಡೆದ ಗಂಡಸಿನ ಮನೆಗೆ ಅವಳು ಹೆಂಡತಿಯಾಗಿ ಹೋಗುತ್ತಾಳೆ, ಅವಳ ಹಿಂದೆ ಹೊಲ, ದನ. ಜೈರೋಸನಿಗೆ ಇದ್ದ ತಮ್ಮ ಅವನೊಬ್ಬನೇ.

ಅವಳು ರಾಗಿ ನೆನೆಹಾಕಿದಳು, ಮೊಳಕೆ ಕಟ್ಟಿದಳು, ಒಣಗಿಸಿ ಬೀಸಿದಳು. ಬೀಸುಕಲ್ಲಿನ ಮೇಲೆ ಅವಳ ಕೈ ಯಾರನ್ನೋ ಅರೆಯುತ್ತಿರುವಂತಿತ್ತು. ಗಂಜಿಗೆ ಹಾಕಿದ ಉರಿ ಹೆಚ್ಚಾಗಿ ತಳ ಹತ್ತಿತು. ಮೂಗಿಗೆ ಸುಟ್ಟ ವಾಸನೆ ಬಡಿದದ್ದೇ ಹಂಡೆಯನ್ನು ಒದ್ದಳು. ಗಂಜಿ ಅಂಗಳದಲ್ಲಿ ಹರಿಯಿತು.

“ಕೈ ಮರ್ತೋಗಿದೆ ನಿಂಗೆ” ಎಂದಳು ತೆತೆ. “ಇಷ್ಟು ವರ್ಷ ಬಿಟ್ಟು ಕೂತ್ರೆ ಇನ್ನೇನಾಗುತ್ತೆ?”

“ಕೈ ಮರ್ತಿಲ್ಲ. ಮೈ ಉರೀತಿದೆ.”

“ಹೋದವನ ಮೇಲೆ ಎಂಥ ಸಿಟ್ಟೇ? ಬಿಟ್ಬಿಡು.”

“ಬಿಡೋದಕ್ಕೇ ಕಾಯಿಸ್ತಿದ್ದೀನಿ, ತೆತೆ.”

ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ಸೌದೆಯನ್ನು ಹಿಂದಕ್ಕೆಳೆದು, ಸಣ್ಣ ಉರಿಯಲ್ಲಿ, ಒಲೆಯ ಮುಂದಿನಿಂದ ಏಳದೆ ತಿರುವಿದಳು. ಆರಿದ ಗಂಜಿಗೆ ಮೊಳಕೆ ಹಿಟ್ಟು ಕಲಸಿ ಬಾಯಿ ಮುಚ್ಚಿಟ್ಟಳು. ಹುಳಿಯೇರಿದ ಮೇಲೆ ಇನ್ನೊಮ್ಮೆ ಕುದಿಸಿ, ಹಿಟ್ಟು ಹಾಕಿ, ಸೋಸಿದಳು. ಗಡಿಗೆಗೆ ಕಿವಿಯಿಟ್ಟರೆ ಒಳಗೆ ಗುಸುಗುಸು ಕೇಳುತ್ತಿತ್ತು. ತೆತೆ ಬೆರಳದ್ದಿ ನೆಕ್ಕಿ, ಇನ್ನೊಮ್ಮೆ ಅದ್ದಿದಳು.

ಆ ದಿನ ಊರು ಊರೇ ಬಂತು. ಡೋಲು ಬಡಿದರು. ಕೆಂಪು ಮಣ್ಣನ್ನು ಅಂಗಳದ ಮರದ ಬುಡದಲ್ಲಿ ಹೂತರು. ಹಿರಿಯ ಅದರ ಮೇಲೆ ಬೀರು ಸುರಿದು, “ಜೈರೋಸ್, ಮನೆಗೆ ಬಾಪ್ಪ” ಎಂದು ಕರೆದ. ಹೆಂಗಸರು ಅತ್ತರು. ಸೆಕೆಸಾಯಿ ಅಳಲಿಲ್ಲ. ಗಟ್ಟಿ ಹೆಂಗಸು ಎಂದರು ಕೆಲವರು, ಕಲ್ಲು ಎಂದರು ಕೆಲವರು.

ದೊಣ್ಣೆ ಅವಳ ಕೈಗೆ ಬಂತು. ತರುವಿಂಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ. ಅವಳು ಅವನೆದುರು ನಿಂತಳು. ಅವನು ಎರಡೂ ಕೈ ಚಾಚಿದ.

ಅವಳು ಅವನನ್ನು ದಾಟಿ ಹೋಗಿ ದೊಣ್ಣೆಯನ್ನು ತೆತೆಯ ಮಡಿಲಿಗಿಟ್ಟಳು.

ಗಂಡನ ಅಕ್ಕನಿಗೆ ಕೊಟ್ಟರೆ ಅರ್ಥ ಒಂದೇ: ನಾನು ಯಾವ ಗಂಡಸಿನ ಮನೆಗೂ ಹೋಗುವುದಿಲ್ಲ, ನನ್ನ ಮನೆ ನನಗೆ.

ತರುವಿಂಗ ಎದ್ದು ನಿಂತ. ಮುಖ ಕಪ್ಪಿಟ್ಟಿತ್ತು. “ಇದು ಮೋಸ. ಇಷ್ಟು ವರ್ಷ ಹೊಲ ನೋಡ್ಕೊಂಡೋನು ನಾನು.”

“ಗಂಡ ಇರೋಳಾ ಇಲ್ದೋಳಾ ಅಂತ ಕೇಳ್ತಿದ್ಯಲ್ಲ ತರುವಿಂಗ” ಎಂದಳು ಸೆಕೆಸಾಯಿ. “ಊರ ಮುಂದೆ ಹೇಳಿದ್ದೀನಿ. ಈಗ ನನ್ನ ದನ ಬಿಡು.”

ಅವನು ಹಿರಿಯನ ಕಡೆ ನೋಡಿದ. ಹಿರಿಯ ಬೀರಿನ ಸೋರೆಬುರುಡೆಯಿಂದ ಬಾಯಿ ತೆಗೆಯದೆ ದೊಡ್ಡಿಯ ಕಡೆ ಕೈ ತೋರಿಸಿದ. ಹೊತ್ತು ಇಳಿಯುವ ಮುಂಚೆ ದನಗಳು ಅವಳ ಅಂಗಳದಲ್ಲಿದ್ದವು.

ಜನ ಚದುರಿದರು. ಬೆಳಗಿನಿಂದ ಒಂದು ಗುಟುಕೂ ಕುಡಿಯದಿದ್ದವಳು ಈಗ ಬುರುಡೆ ತುಂಬಿಕೊಂಡು ಹೊಸ್ತಿಲ ಮೇಲೆ ಕೂತಳು. ಫೋನು ಬಡಿಯಿತು. ಗುರುತಿಲ್ಲದ ನಂಬರು.

“ಸೆಕೆಸಾಯಿನಾ? ಬಸ್ ಡ್ರೈವರ್ ನಂಬರ್ ಕೊಟ್ಟ. ನಮ್ಮನೇಲಿ ಬೀರು ಕಾಯಿಸಿ ಊರಿಗೆಲ್ಲ ಕರೆದಿದ್ದೀಯಂತೆ. ನಂಗೊಂದು ಮಾತು ಹೇಳ್ಬಾರ್ದಾ? ಯಾರು ಹೋದ್ರು? ಅಕ್ಕನಾ? ತರುವಿಂಗನಾ?”

ಬೀರು ಚೆನ್ನಾಗಿ ಬಂದಿತ್ತು. ಬುರುಡೆ ಬರಿದಾಗುವವರೆಗೂ ಅವಳು ನಿಧಾನವಾಗಿ ಕುಡಿದಳು.

“ನೀವು, ಜೈರೋಸ್.”