ತಂಗಿಗೊಂದು ಹೆಸರು

ಲೋಬಾನದ ಹೊಗೆ ಮೂಗಿಗೆ ತಾಗಿದರೆ ಈಗಲೂ ತರೀಕೆರೆಯ ನಮ್ಮ ಮನೆಯ ಆ ಮಧ್ಯಾಹ್ನ ಕಣ್ಣೆದುರು ಬರುತ್ತದೆ.

ಹುಟ್ಟಿದ ಏಳನೇ ದಿನ ತಂಗಿಗೆ ಹೆಸರಿಡಬೇಕಿತ್ತು. ಅದಕ್ಕೆಂದೇ ಅಬ್ಬಾ ಕಡೂರಿನಿಂದ ಹೆಸರುಗಳ ತೆಳು ಪುಸ್ತಕವೊಂದನ್ನು ತಂದಿದ್ದರು. ಐದನೇ ದಿನ ಮಗು ತೀರಿಕೊಂಡಿತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಅದನ್ನು ಅಬ್ಬಾ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಹೊರಗೆ ಜನ ಕಾಯುತ್ತಿದ್ದರು.

"ಹೆಸರಿಲ್ದೆ ಕಳಿಸ್ಬ್ಯಾಡ ಕಣೋ. ಕಯಾಮತ್ ದಿನ ಸತ್ತೋರ್ನೆಲ್ಲ ಎಬ್ಬಿಸ್ವಾಗ ಅವಳ್ನ ಏನಂತ ಕರೀತಾರೆ?" ಎಂದು ದಾದಿ, ಅಬ್ಬಾರ ತಾಯಿ, ಮಗನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಓದು ಕಣೇ. ನಿಮ್ಮಬ್ಬಾ ಹೂಂ ಅಂದಿದ್ದೇ ಹೆಸರು" ಎಂದರು.

"ಆಯಿಷಾ, ಅರಬ್ಬಿ, ಬಾಳುವವಳು. ಗುಲ್ನಾರ್, ಪಾರ್ಸಿ, ದಾಳಿಂಬೆ ಹೂವು."

ಗುಲ್ನಾರ್ ನನಗೆ ಮೊದಲಿಂದ ಇಷ್ಟ. ಆದರೂ ಅಲ್ಲಿ ನಿಲ್ಲಿಸಲಿಲ್ಲ. ಹೆಸರು ಸಿಕ್ಕ ಕೂಡಲೇ ತಂಗಿಯನ್ನು ಎತ್ತಿಕೊಂಡು ಹೋಗುತ್ತಾರೆಂದು ನನಗೆ ಹೊಳೆದಿತ್ತು. ಒಂದು ಅರ್ಥವನ್ನೂ ಬಿಡದೆ ನಿಧಾನವಾಗಿ ಓದಿದೆ. ಒರಟು ಹಾಳೆಗಳು ಬೆವರಿದ ಬೆರಳಿಗೆ ಅಂಟುತ್ತಿದ್ದವು.

"ಹೊತ್ತಾಯ್ತು ಕಣೋ, ಯಾವ್ದಾದ್ರೂ ಒಂದಕ್ಕೆ ಹೂಂ ಅನ್ನು" ಎಂದರು ದಾದಿ.

ಅಬ್ಬಾ ಮಗುವಿನ ಮುಖದಿಂದ ಕಣ್ಣು ತೆಗೆಯಲಿಲ್ಲ. ಕೊನೆಯ ಹಾಳೆಯೂ ಮುಗಿದು ನಾನು ಪುಸ್ತಕ ಮುಚ್ಚಿದೆ.

"ಮೊದಲಿಂದ ಓದು ಬೇಟಾ" ಎಂದರು ಅಬ್ಬಾ.